ಮೂರನೇ ಶರಭ

ಚೂಡಾಮಣಿ ಮದುವೆಯಾಗಿ ಲಕ್ಷ್ಮೀಪುರದ ದೊಡ್ಡ ಮನೆಗೆ ಬಂದಾಗ ಅವಳ ಜೊತೆಗೆ ಬಂದದ್ದು ಒಂದು ಟ್ರಂಕು, ಮತ್ತೆ ಆರು ವರ್ಷದ ತಮ್ಮ ಶ್ರೀಕಂಠ. ತಂದೆತಾಯಿ ಇಬ್ಬರೂ ವಿಷಮಶೀತ ಜ್ವರದಲ್ಲಿ ಒಬ್ಬರ ಹಿಂದೊಬ್ಬರು ಹೋಗಿಬಿಟ್ಟಿದ್ದರು. ಹುಡುಗನನ್ನು ಇಟ್ಟುಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಗಂಡ ನಂಜುಂಡಯ್ಯ ಹೊಸಿಲಲ್ಲೇ ಹುಡುಗನ ತಲೆ ಸವರಿ, "ಇರಲಿ ಬಿಡು, ಇಷ್ಟು ದೊಡ್ಡ ಮನೇಲಿ ಒಂದು ಮಗೂಗೆ ಜಾಗ ಇಲ್ವೆ?" ಎಂದಿದ್ದ. ಚೂಡಾಮಣಿ ಆವತ್ತು ದೇವರ ಮನೆಗೆ ಹೋಗಿ ಕಣ್ಣೊರೆಸಿಕೊಂಡಿದ್ದಳು. ಆ ಮಾತನ್ನು ನಂಜುಂಡಯ್ಯ ಮುಂದೆ ಯಾವತ್ತೂ ಮರೆಯುವುದಿಲ್ಲ, ಮರೆಯಲು ಬಿಡುವುದೂ ಇಲ್ಲ ಎಂದು ಅವಳಿಗೆ ಗೊತ್ತಾಗಲು ಹೆಚ್ಚು ದಿನ ಹಿಡಿಯಲಿಲ್ಲ.

ಅವನು ಕೂಗಾಡುವ ಮನುಷ್ಯನಲ್ಲ. ಕೈ ಎತ್ತಿದವನೂ ಅಲ್ಲ. ಊಟಕ್ಕೆ ಕೂತಾಗ, "ಕಂಠಿಗೆ ಇನ್ನೊಂದು ಸೌಟು ಹುಳಿ ಹಾಕು ಚೂಡಾ. ಬೆಳೆಯೋ ಹುಡುಗ. ನಮ್ಮನೇಲಲ್ಲದೆ ಇನ್ನೆಲ್ಲಿ ತಿಂತಾನೆ, ಪಾಪ" ಎನ್ನುತ್ತಿದ್ದ. ದನಿಯಲ್ಲಿ ಬೆಣ್ಣೆ. ಕಂಠಿ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಎನ್ನುತ್ತಿದ್ದ. ಹೀಗೆ ಹದಿನಾರು ವರ್ಷ ಕಳೆಯಿತು. ಚೂಡಾಮಣಿಗೆ ಮಕ್ಕಳಾಗಲಿಲ್ಲ. ಮಗನೂ ತಮ್ಮನೂ ಎಲ್ಲಾ ಕಂಠಿಯೇ ಆದ.

ನಂಜುಂಡಯ್ಯನ ತಂದೆ ಅರಮನೆಯಲ್ಲಿ ಬಕ್ಷಿಯಾಗಿದ್ದವರು. ಬಾಡಿಗೆಗೆ ಕೊಟ್ಟ ಕಟ್ಟಡಗಳನ್ನು ಬಿಟ್ಟು ಹೋಗಿದ್ದರು. ಮಗ ಕೆಲಸ ಅಂತ ಮಾಡಬೇಕಾಗಿರಲಿಲ್ಲ. ವಯಸ್ಸಿನಲ್ಲಿ ಓದಲು ಇಂಗ್ಲೆಂಡಿಗೆ ಹೋಗಿದ್ದವನು ಡಿಗ್ರಿ ತರಲಿಲ್ಲ, ಕಾರು ರೇಸಿನ ಹುಚ್ಚು ಹತ್ತಿಸಿಕೊಂಡು ಬಂದ. ಅದರಲ್ಲೂ ಒಂದು ನಿಮಿಷಕ್ಕೆ ಮುಗಿಯುವ ಓಟವಲ್ಲ, ಹಗಲಿಡೀ ಕಾರು ನಿಲ್ಲದೆ ಸುತ್ತುವ ದೀರ್ಘ ರೇಸು. "ವೇಗ ಯಾವ ಕತ್ತೆಗೂ ಬರುತ್ತೆ. ತಾಳಿಕೆ ಬರೋದು ಜಾತಿ ಕುದುರೆಗೆ ಮಾತ್ರ" ಎನ್ನುತ್ತಿದ್ದ. ದೇಶಕ್ಕೆ ಸ್ವಾತಂತ್ರ್ಯ ಬಂದು, ಊರು ಬಿಟ್ಟು ಹೋಗುವ ಬಿಳಿ ದೊರೆಗಳೆಲ್ಲ ತಮ್ಮ ಕಾರುಗಳನ್ನು ಸಿಕ್ಕ ಬೆಲೆಗೆ ಮಾರತೊಡಗಿದಾಗ ಅವನು ಕಾರು ಕೊಳ್ಳಲಿಲ್ಲ, ಅವುಗಳ ಇಂಜಿನ್ನು ಬಿಚ್ಚಿಸಿ ತಂದ. ಮನೆಯ ಹಿಂದಿನ ಕುದುರೆ ಲಾಯವನ್ನು ಶೆಡ್ಡು ಮಾಡಿದ. ಕೊಳವೆ ಬೆಸೆದು ಚೌಕಟ್ಟು ಮಾಡಿ, ಅಲ್ಯೂಮಿನಿಯಂ ತಗಡನ್ನು ಕೈಯಿಂದಲೇ ಬಡಿಸಿ ಮೈ ಹೊದಿಸಿ, ಒಂದು ಕಾರು ಕಟ್ಟಿದ. ಅದಕ್ಕೆ ಪುರಾಣದ ಮೃಗ ಶರಭದ ಹೆಸರಿಟ್ಟ.

ಮೊದಲನೇ ಶರಭವನ್ನು ಒಬ್ಬ ಕಾಫಿ ತೋಟದವನು ಕೊಂಡ. ಎರಡನೆಯದನ್ನು ಕಾಠಿಯಾವಾಡದ ಯಾವನೋ ರಾಜಕುಮಾರ ಕೊಂಡ. ಹೆಚ್ಚು ಕಟ್ಟುವ ಆಸೆ ನಂಜುಂಡಯ್ಯನಿಗಿರಲಿಲ್ಲ. ವರ್ಷಕ್ಕೊಂದು, ಹೆಚ್ಚೆಂದರೆ ಎರಡು. ಕೊಳ್ಳುವವರು ಕೇಳಿಕೊಂಡು ಬರಬೇಕು, ಕಾಯಬೇಕು. ಅವನಿಗೆ ಬೇಕಾಗಿದ್ದದ್ದು ಒಂದು ದೊಡ್ಡ ಗೆಲುವು. ಅದಕ್ಕೆಂದೇ ಮೂರನೇ ಶರಭವನ್ನು ಕಟ್ಟಲು ಕೂತ.

ಅಷ್ಟು ಹೊತ್ತಿಗೆ ಕಂಠಿ ಇಂಟರ್‌ಮೀಡಿಯೆಟ್ಟಿನಲ್ಲಿ ಎರಡು ಸಲ ನಪಾಸಾಗಿ ಶೆಡ್ಡು ಸೇರಿದ್ದ. ಮೆಕ್ಯಾನಿಕ್ ಮರಿಸ್ವಾಮಿಯ ಜೊತೆ ಎಣ್ಣೆ ಗ್ರೀಸು ಬಳಿದುಕೊಂಡು ಓಡಾಡುತ್ತಿದ್ದ. ಒಂದು ದಿನ ನಂಜನಗೂಡು ರಸ್ತೆಯಲ್ಲಿ ಕಾರು ಪರೀಕ್ಷೆ ಮಾಡುವಾಗ ನೆಗಡಿಯಾಗಿದ್ದ ನಂಜುಂಡಯ್ಯ ಅವನಿಗೆ, "ನೀನು ಕೂತ್ಕೊ ನೋಡೋಣ" ಎಂದ. ಹುಡುಗ ಹೋಗಿ ಬಂದ. ಮರಿಸ್ವಾಮಿ ಕೈಗಡಿಯಾರ ನೋಡಿ, ಯಜಮಾನನಿಗಿಂತ ಬೇಗ ಬಂದನಲ್ಲ ಎಂದು ಯಜಮಾನನ ಮುಖ ನೋಡಿದ. ನಂಜುಂಡಯ್ಯ ಕರವಸ್ತ್ರ ತೆಗೆದು ಮೂಗೊರೆಸಿಕೊಂಡ. ಸಂಜೆ ಊಟದ ಹೊತ್ತಿಗೆ ಮಾತ್ರ, "ನಿನ್ನ ತಮ್ಮನಿಗೆ ಒಂದು ವಿದ್ಯೆ ಆದ್ರೂ ಬಂತಲ್ಲ ಚೂಡಾ. ಡ್ರೈವರ್ ಕೆಲಸಕ್ಕೆ ಅಡ್ಡಿಯಿಲ್ಲ" ಎಂದ.

ಕಂಠಿ ತಲೆ ತಗ್ಗಿಸಿ ನಕ್ಕ. ಬಯ್ದರೂ ಹೊಗಳಿದರೂ ಅವನದು ಅದೇ ನಗು. ಆ ನಗು ಕಂಡಾಗಲೆಲ್ಲ ಚೂಡಾಮಣಿ ಸೌಟು ಹಿಡಿದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ರೇಸು ಗೊತ್ತಾದದ್ದು ಶಿವರಾತ್ರಿ ಕಳೆದ ಮೇಲೆ, ಮಂಡಕಳ್ಳಿಯ ವಿಮಾನದ ಮೈದಾನದಲ್ಲಿ. ಬೆಳಗ್ಗೆ ಆರಕ್ಕೆ ಶುರು, ಸಂಜೆ ಆರಕ್ಕೆ ಮುಕ್ತಾಯ. ಅಷ್ಟರಲ್ಲಿ ಯಾರ ಕಾರು ಹೆಚ್ಚು ಸುತ್ತು ಹಾಕಿರುತ್ತದೋ ಅವರದೇ ಗೆಲುವಿನ ಕಪ್ಪು. ಒಂದು ಕಾರಿಗೆ ಇಬ್ಬರು ಚಾಲಕರು, ಸರದಿಯ ಮೇಲೆ ಓಡಿಸಬೇಕು. ಬೊಂಬಾಯಿ, ಮದರಾಸು, ಕಲ್ಕತ್ತದಿಂದ ಕಾರುಗಳು ಬರುವುದಿತ್ತು. ಕೊಯಮತ್ತೂರಿನ ಒಬ್ಬ ಗಿರಣಿ ಮಾಲೀಕ ನೋಡಲು ಬರುತ್ತೇನೆಂದು ಹೇಳಿ ಕಳಿಸಿದ್ದ. ಶರಭ ಗೆದ್ದರೆ ಎರಡು ಕಾರು ಬೇಕು ಎಂದಿದ್ದ.

ಆವತ್ತು ರಾತ್ರಿ ಮಲಗುವ ಮುಂಚೆ ನಂಜುಂಡಯ್ಯ ಹೆಂಡತಿಗೆ ಹೇಳಿದ: "ಗೆದ್ರೆ ಕಂಪನಿ ಅಂತ ಮಾಡ್ತೀನಿ. ನಂಜುಂಡಯ್ಯ ಅಂಡ್ ಶ್ರೀಕಂಠ. ಅವನ ಹೆಸರೂ ಬಾಗಿಲ ಮೇಲಿರುತ್ತೆ."

ಚೂಡಾಮಣಿಗೆ ಕಿವಿಯನ್ನೇ ನಂಬಲಾಗಲಿಲ್ಲ. "ನಿಜವಾಗ್ಲೂನಾ?"

"ನಾನು ಯಾವತ್ತಾದ್ರೂ ಸುಳ್ಳು ಹೇಳಿದೀನಾ?"

ಹೇಳಿರಲಿಲ್ಲ. ಅದೇ ಅವನಲ್ಲಿದ್ದ ಗುಣ. ಅವಳಿಗೆ ನಿದ್ದೆ ಬರಲಿಲ್ಲ. ಒಂದು ಗೆಲುವು ಸಾಕು, ತಮ್ಮ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ನಿಲ್ಲುತ್ತದೆ. ತನ್ನದು ಅಂತ ಒಂದು ಮನೆ ಮಾಡುತ್ತಾನೆ, ಹೆಣ್ಣು ಕೊಡುವವರು ಬರುತ್ತಾರೆ. ಮರುದಿನವೆಲ್ಲ ಅದನ್ನೇ ಮನಸ್ಸಿನಲ್ಲಿ ಮೆಲುಕು ಹಾಕಿದಳು.

ಮೂರನೇ ಶರಭ ನೋಡಲು ಚೆಲುವಾಗಿತ್ತು. ಮೂತಿ ನೆಲಕ್ಕೆ ಬಾಗಿತ್ತು. ಹಾಗೆ ತಗ್ಗಿಸುವುದಕ್ಕಾಗಿ ಇಂಜಿನ್ನನ್ನು ಹಿಂದಕ್ಕೆ ತಳ್ಳಿದ್ದರು. ಚಾಲಕನ ಕಾಲು ಇಂಜಿನ್ನಿನ ಪಕ್ಕಕ್ಕೇ ಚಾಚಬೇಕಾಗಿತ್ತು, ಹೊಗೆ ಹೋಗುವ ಪೈಪು ಅವನ ಬಲಗಾಲಿಗೆ ತಾಗಿದಂತೆ ಹಾದುಹೋಗುತ್ತಿತ್ತು. ನಡುವೆ ಒಂದು ತೆಳು ತಗಡು, ಅಷ್ಟೆ. ಮೊದಲ ಸಲ ದೂರ ಓಡಿಸಿ ಬಂದ ಸಂಜೆ ಕಂಠಿ ಹಿತ್ತಲಲ್ಲಿ ಕೂತು ತಣ್ಣೀರಿಗೆ ಕಾಲು ಬಿಟ್ಟುಕೊಂಡಿದ್ದ. ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು.

ಮರಿಸ್ವಾಮಿ ಯಜಮಾನನ ಹತ್ತಿರ ಹೋಗಿ, "ಬುದ್ಧಿ, ಮೂತಿ ಒಂದೆರಡು ಬೆಟ್ಟು ಎತ್ತರ ಮಾಡಾದ್ರೆ ಆಸ್ಬೆಸ್ಟಾಸ್ ಹಾಳೆ ಕುಂತ್ಕತದೆ. ಕಾಲು ಬೇಯಾದು ತಪ್ತದೆ" ಎಂದ.

"ಎತ್ತರ ಮಾಡಿದ್ರೆ ಕಾರು ಕಪ್ಪೆ ಥರ ಕಾಣುತ್ತೆ," ಎಂದ ನಂಜುಂಡಯ್ಯ. "ಬಂದೋರು ಮೊದಲು ನೋಡೋದು ಮೂತೀನ, ಕಾಲನ್ನಲ್ಲ."

ಬದಲಿಗೆ ಒಳಗೆ ದಪ್ಪ ಪದರ ಕೊಟ್ಟ ಬೂಟು ಹೊಲಿಸುತ್ತೇನೆ ಎಂದ. ಹೊಲಿಸಿದ ಕೂಡ. ಅವನ ಅಳತೆಗೆ ಒಂದು ಜೊತೆ ಬಂತು. ಕಂಠಿಯದು ಬರಲಿಲ್ಲ. ಚೂಡಾಮಣಿ ಎರಡು ಸಲ ಕೇಳಿದಳು. "ಬರುತ್ತೆ" ಎಂದ. ರೇಸಿನ ದಿನ ಬೆಳಗ್ಗೆ ನೋಡಿದರೆ ತಮ್ಮ ಕ್ಯಾನ್ವಾಸ್ ಷೂ ಹಾಕಿಕೊಂಡು ನಿಂತಿದ್ದ.

"ಬೂಟೆಲ್ಲೋ?"

"ಭಾವ ಹೇಳೋಕೆ ಮರೆತ್ರಂತೆ. ಪರವಾಗಿಲ್ಲ ಬಿಡಕ್ಕ, ಎರಡು ಜೊತೆ ಕಾಲುಚೀಲ ಹಾಕ್ಕೊಂಡಿದೀನಿ" ಎಂದು ಅದೇ ನಗು ನಕ್ಕ.

ಚೂಡಾಮಣಿಗೂ ಆವತ್ತು ಒಂದು ಕೆಲಸವಿತ್ತು. ಓಡುವ ಕಾರಿನಲ್ಲಿ ಕೂತವನಿಗೆ ಯಾವ ಮಾತೂ ಕೇಳಿಸುವುದಿಲ್ಲ. ಬದಿಯಲ್ಲಿ ನಿಂತು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಬೇಕು. ಬೇರೆಯವರಿಗೆ ತಿಳಿಯದಿರಲಿ ಎಂದು ನಂಜುಂಡಯ್ಯ ಕನ್ನಡದಲ್ಲೇ ಬರೆಯಬೇಕೆಂದ. 'ಬಾ' ಎಂದರೆ ಒಳಗೆ ಬಾ, 'ನಡಿ' ಎಂದರೆ ನಿಲ್ಲಿಸಬೇಡ, ಓಡಿಸು. ಚಾಲಕನಿಗೆ ನಿಲ್ಲಬೇಕೆನಿಸಿದರೆ ಎಡಗೈ ಎತ್ತಬೇಕು. ಆದರೆ ಹಲಗೆ ಹೇಳದೆ ಒಳಗೆ ಬರಕೂಡದು. ಸ್ಟಾಪ್‌ವಾಚು ಕೈಯಲ್ಲಿ ಹಿಡಿದು ಲೆಕ್ಕ ತಪ್ಪದಂತೆ ನಿಲ್ಲುವುದು ಚೂಡಾಮಣಿಗೆ ಚೆನ್ನಾಗಿ ಬರುತ್ತಿತ್ತು. ಅವಳ ಅಕ್ಷರ ಮುತ್ತಿನಂತಿತ್ತು, ದೂರಕ್ಕೆ ಕಾಣುತ್ತಿತ್ತು. ಕಂಠಿಗೆ ಅಕ್ಷರ ಕಲಿಸಿದ್ದೂ ಅವಳೇ.

ಮೊದಲ ಸರದಿ ನಂಜುಂಡಯ್ಯನದು. ಚೆನ್ನಾಗಿಯೇ ಓಡಿಸಿದ. ಎರಡನೆಯದು ಕಂಠಿಯದು. ಬಿಸಿಲೇರುವ ಹೊತ್ತಿಗೆ ಅವನು ಮುಂದಿದ್ದ ಕಾರುಗಳನ್ನು ಒಂದೊಂದಾಗಿ ಹಿಂದೆ ಹಾಕಿ, ಶರಭವನ್ನು ಎರಡನೆಯ ಸ್ಥಾನಕ್ಕೆ ತಂದು ನಿಲ್ಲಿಸಿದ. ಮುಂದಿದ್ದದ್ದು ಕಲ್ಕತ್ತದ ಒಂದು ಕೆಂಪು ಕಾರು ಮಾತ್ರ. ಮೈದಾನದ ಅಂಚಿನಲ್ಲಿ ಸುತ್ತಮುತ್ತಲ ಹಳ್ಳಿಯವರು ಕಡಲೆಕಾಯಿ ತಿನ್ನುತ್ತ ಕೇಕೆ ಹಾಕುತ್ತಿದ್ದರು. ಇಳಿದು ಬಂದಾಗ ಕಂಠಿ ಕುಂಟುತ್ತಿದ್ದ. ಮರಿಸ್ವಾಮಿ ಕಾಲಿಗೆ ಹರಳೆಣ್ಣೆ ಸವರಿದ. "ಮೂರು ಗಂಟೆ ಆರಾಮಾಗಿ ಮಲಕ್ಕೊ" ಎಂದಳು ಚೂಡಾಮಣಿ.

ಮೂರು ಗಂಟೆ ಸಿಗಲಿಲ್ಲ. ಮತ್ತೆ ಹೋದ ನಂಜುಂಡಯ್ಯ ಅರ್ಧದಲ್ಲೇ ಒಳಗೆ ಬಂದ. ಮುಖ ಬೆವರಿನಲ್ಲಿ ತೊಯ್ದಿತ್ತು. "ಸೊಂಟ ಹಿಡ್ಕೊಂಡ್ಬಿಡ್ತು" ಎಂದ. ಇಳಿದವನು ನೆಟ್ಟಗೆ ನಡೆದು ಹೋಗಿ ಕುರ್ಚಿಯಲ್ಲಿ ಕೂತು ಆ ದಪ್ಪ ಬೂಟುಗಳನ್ನು ಕಿತ್ತು ಎಸೆದು, ಕಾಲನ್ನು ಗಾಳಿಗೆ ಹಿಡಿದ. ಪಾದ ಕೆಂಪಗಾಗಿತ್ತು. ಚೂಡಾಮಣಿ ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

"ಕಂಠಿ, ಹತ್ತು" ಎಂದ.

ಹುಡುಗ ಎದ್ದು ಕಾಲುಚೀಲ ಏರಿಸಿಕೊಂಡು ಹತ್ತಿದ. ಭಾವನ ಬೂಟು ಅವನ ಕಾಲಿಗೆ ಹಿಡಿಯುವ ಹಾಗಿರಲಿಲ್ಲ. ಸಂಜೆ ಆರಕ್ಕೆ ಇನ್ನೂ ನಾಲ್ಕು ಗಂಟೆಗೂ ಹೆಚ್ಚಿತ್ತು.

ಒಂದು ಗಂಟೆ ಕಳೆದಿರಬೇಕು, ಎದುರಿಗೆ ಹಾದುಹೋಗುವಾಗ ಕಂಠಿ ಎಡಗೈ ಎತ್ತಿದ. ಚೂಡಾಮಣಿ ಕೂಡಲೇ ಹಲಗೆ ಒರೆಸಿ 'ಬಾ' ಎಂದು ಬರೆಯಲು ಬಗ್ಗಿದಳು. ಹಿಂದಿನಿಂದ ನಂಜುಂಡಯ್ಯ ಅವಳ ಮಣಿಕಟ್ಟಿನ ಮೇಲೆ ಮೆಲ್ಲಗೆ ಕೈಯಿಟ್ಟ.

"ಕಲ್ಕತ್ತದವನ ಇಂಜಿನ್ನು ಕೆಮ್ತಾ ಇದೆ, ಕೇಳು. ಇವನು ನಿಂತ್ರೆ ಅವನಿಗೆ ಉಸಿರು ಸಿಗುತ್ತೆ. ಇನ್ನೈದು ಸುತ್ತು."

ಅವಳು 'ನಡಿ' ಎಂದು ಬರೆದು ಎತ್ತಿ ಹಿಡಿದಳು.

ಐದು ಸುತ್ತಾಯಿತು, ಇನ್ನೈದಾಯಿತು, ಗಂಟೆಗೂ ಮೇಲಾಯಿತು. ಪ್ರತಿ ಸಲವೂ ಕೈ ಏಳುತ್ತಿತ್ತು, ಪ್ರತಿ ಸಲವೂ ಅವಳು ಅದೇ ಎರಡಕ್ಷರ ತೋರಿಸುತ್ತಿದ್ದಳು. ಕೊನೆಗೆ ಪೆಟ್ರೋಲು ಹಾಕಲು ಕರೆಯಲೇಬೇಕಾಯಿತು. ಕಾರು ಒಳಗೆ ಬಂದು ನಿಂತಾಗ ರಬ್ಬರು ಸುಟ್ಟ ವಾಸನೆ ಬಂತು. ಮರಿಸ್ವಾಮಿ ಕಾರಿನ ಮೂತಿಯ ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡಿದವನು ಹಣೆ ಚಚ್ಚಿಕೊಂಡ.

"ಪೈಪು ಬಿರುಕು ಬುಟ್ಟದೆ ಬುದ್ಧಿ. ಬೆಂಕಿ ನೆಟ್ಟಗೆ ಕಾಲು ಮ್ಯಾಕೇ ಒಡೀತಾ ಅದೆ. ಅರ್ಧ ಗಂಟೆ ಕೊಡಿ, ಕಟ್ಟಾಕ್ತೀನಿ."

"ಅರ್ಧ ಗಂಟೆ ಕೊಟ್ರೆ ರೇಸು ಮುಗೀತು. ನೀರು ಹಾಕು."

ಮರಿಸ್ವಾಮಿ ಬಕೆಟ್ಟು ತಂದು ಕಂಠಿಯ ಕಾಲ ಮೇಲೆ ನೀರು ಸುರಿದ. ಚುಂಯ್ ಎಂದಿತು. ಕಂಠಿ ಸ್ಟಿಯರಿಂಗಿಗೆ ಹಣೆ ಒತ್ತಿಕೊಂಡು, "ಅಕ್ಕ, ಆಗ್ತಾ ಇಲ್ಲ. ಭಾವನಿಗೆ ಹೇಳು" ಎಂದ.

ಭಾವ ಪಕ್ಕದಲ್ಲೇ ಇದ್ದ. ಕೊಯಮತ್ತೂರಿನ ಸಾಹುಕಾರ ಕೊಡೆ ಹಿಡಿದು ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದ. ನಂಜುಂಡಯ್ಯ ಕಾರಿನ ಮೇಲೆ ಬಾಗಿ, ಮಗುವಿಗೆ ಹೇಳುವಂತೆ ಹೇಳಿದ: "ಹದಿನಾರು ವರ್ಷ ನಾನು ನಿನ್ನನ್ನ ಏನಾದ್ರೂ ಕೇಳಿದೀನೇನೋ ಕಂಠಿ? ಇವತ್ತು ಎರಡು ಗಂಟೆ ಕೇಳ್ತಿದೀನಿ. ಆಗಲ್ಲ ಅಂದ್ರೆ ಇಳಿದುಬಿಡು, ನಾನು ಬಲವಂತ ಮಾಡಲ್ಲ. ನಿನ್ನಕ್ಕ ಹೇಳಲಿ."

ತಮ್ಮ ತಲೆಯೆತ್ತಿ ಅಕ್ಕನನ್ನು ನೋಡಿದ. ಕಣ್ಣು ಹೊಗೆಗೆ ಕೆಂಪಾಗಿತ್ತು.

ಚೂಡಾಮಣಿಗೆ ಆ ಹೊತ್ತಿನಲ್ಲಿ ಕಣ್ಣಿಗೆ ಕಟ್ಟಿದ್ದು ಬಾಗಿಲ ಮೇಲಿನ ಹೆಸರು. ಹೆಣ್ಣು ಕೊಡಲು ಬಂದವರು. ಬೇರೆ ಮನೆ, ಬೇರೆ ಅಡುಗೆ, ತಮ್ಮ ಹೊಟ್ಟೆ ತುಂಬ ಉಣ್ಣುವುದು. ಇಳಿ ಎಂದರೆ ನಾಳೆಯಿಂದ ಪ್ರತಿ ಊಟದಲ್ಲೂ ಕೇಳಬೇಕಾದ ಮಾತುಗಳೂ ಕಿವಿಯಲ್ಲಿ ಸಾಲುಗಟ್ಟಿ ನಿಂತವು.

"ಇನ್ನು ಸ್ವಲ್ಪ ಹೊತ್ತು ತಾನೇ ಕಣೋ," ಎಂದಳು. "ತಡ್ಕೊ. ನನಗೋಸ್ಕರ."

ಅವನು ಆಗಲೂ ನಗಲು ನೋಡಿದ. ಆಮೇಲೆ ಗೇರು ಹಾಕಿದ.

ಕೊನೆಯ ಗಂಟೆಯಲ್ಲಿ ಕಲ್ಕತ್ತದ ಕಾರು ದೊಡ್ಡ ಸದ್ದು ಮಾಡಿ, ಎಣ್ಣೆ ಕಕ್ಕಿ, ಹುಲ್ಲಿನ ಮೇಲೆ ಹೋಗಿ ನಿಂತುಬಿಟ್ಟಿತು. ಶರಭ ಮುಂದಾಯಿತು. ಜನ ಕುಣಿದರು. ಆಮೇಲೆ ಕಂಠಿ ಕೈ ಎತ್ತುವುದನ್ನು ಬಿಟ್ಟ. ಸುತ್ತಿಗೆ ಸುತ್ತು ಹಾಯುತ್ತಿದ್ದ, ಎರಡೂ ಕೈ ಸ್ಟಿಯರಿಂಗಿನ ಮೇಲೇ ಇರುತ್ತಿದ್ದವು, ಮುಖ ಇತ್ತ ತಿರುಗುತ್ತಿರಲಿಲ್ಲ. ಚೂಡಾಮಣಿ ದೇವರಿಗೆ ಕೈ ಮುಗಿದಳು. ಉರಿ ಕಡಿಮೆಯಾಗಿರಬೇಕು ಎಂದುಕೊಂಡಳು.

ಆರು ಗಂಟೆಗೆ ಬಾವುಟ ಬೀಸಿದರು. ಶರಭ ಬಾವುಟ ದಾಟಿತು, ನಿಲ್ಲಲಿಲ್ಲ. ವೇಗ ಇಳಿಯುತ್ತ ಇಳಿಯುತ್ತ, ದಾರಿ ಬಿಟ್ಟು, ತುದಿಯಲ್ಲಿ ಒಟ್ಟಿದ್ದ ಹುಲ್ಲಿನ ಹೊರೆಗಳಿಗೆ ಹೋಗಿ ಮೂತಿ ತುರುಕಿತು. ಬ್ರೇಕು ತುಳಿಯಲು ಅವನಿಗೆ ಕಾಲು ಎಲ್ಲಿದೆಯೆಂದೇ ಗೊತ್ತಾಗಿರಲಿಲ್ಲ. ಮೊದಲು ಓಡಿದವನು ಮರಿಸ್ವಾಮಿ. ಬಗಲಿಗೆ ಕೈ ಕೊಟ್ಟು ಎತ್ತಿದ. ಬಲಗಾಲು ಪೆಡಲಿಗೆ ಅಂಟಿಕೊಂಡಿತ್ತು. ಷೂ ಅಲ್ಲೇ ಉಳಿಯಿತು. ಷೂವಿನ ಜೊತೆ ಏನು ಉಳಿಯಿತೆಂದು ಚೂಡಾಮಣಿ ನೋಡಿದಳು, ನೋಡಿ ಅಲ್ಲೇ ಕೂತುಬಿಟ್ಟಳು. ಹಿಂದುಗಡೆ ಬ್ಯಾಂಡು ಬಾರಿಸುತ್ತಿದ್ದರು. ನಂಜುಂಡಯ್ಯನಿಗೆ ಹಾರ ಹಾಕಿ ಕಪ್ಪು ಕೊಟ್ಟರು. ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಅದರಲ್ಲಿ ಅವನೊಬ್ಬನೇ ಇದ್ದ.

ಆಸ್ಪತ್ರೆಯಲ್ಲಿ ಬಹಳ ದಿನ ಪಾದ ಉಳಿಸಲು ನೋಡಿದರು. ನಂಜೇರಿತು. ಕೊನೆಗೆ ಬಲಪಾದದ ಮುಂಭಾಗವನ್ನು ತೆಗೆದರು. ಚೂಡಾಮಣಿ ಮಂಚದ ಪಕ್ಕ ಬಿಟ್ಟು ಏಳಲಿಲ್ಲ. ಕಂಠಿ ಜ್ವರದಲ್ಲಿ ಏನೇನೋ ಬಡಬಡಿಸಿದ, ಆದರೆ ಒಮ್ಮೆಯೂ ಅವಳನ್ನು ದೂರಲಿಲ್ಲ.

ನಂಜುಂಡಯ್ಯ ಕಿತ್ತಳೆ ಹಣ್ಣು ತಗೊಂಡು ಬಂದ. ಕುರ್ಚಿ ಎಳೆದು ಕೂತು, ಸಾಹುಕಾರ ಎರಡು ಕಾರಿಗೆ ಹೇಳಿದ್ದಾನೆಂದೂ ಮೂರನೇ ಶರಭವನ್ನು ಅವನೇ ಕೊಂಡುಹೋದನೆಂದೂ ಸಂತೋಷದಿಂದ ಹೇಳಿದ. "ಹೊಸದರಲ್ಲಿ ಮೂತಿ ಎತ್ತರ ಮಾಡಿಸ್ತಿದೀನಿ. ಸಾಹುಕಾರನ ಹೆಂಡತಿ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿದ್ರು. ಕಾಲಿಗೆ ಬಿಸಿ ತಾಗುತ್ತೆ ಅಂದ್ರು."

ಚೂಡಾಮಣಿ ತಮ್ಮನ ಹೊದಿಕೆ ಸರಿಮಾಡಿದಳು. "ಕಂಪನಿ ವಿಷಯ..." ಎಂದಳು.

"ಯೋಚನೆ ಮಾಡ್ದೆ ಚೂಡಾ. ಕಾರು ಕೊಳ್ಳೋಕೆ ಬಂದೋರಿಗೆ ಬಾಗಿಲ ಮೇಲೆ ಇವನ ಹೆಸರು, ಒಳಗೆ ನೋಡಿದ್ರೆ ಇವನ ಕಾಲು. ಏನಂದ್ಕೋತಾರೆ? ಮನೇಲಿ ಇರಲಿ. ಇಷ್ಟು ದಿನ ಸಾಕಿದೋನಿಗೆ ಇನ್ನು ಮುಂದೆ ಕಷ್ಟವೆ?"

ಕಂಠಿ ಮಾಳಿಗೆ ನೋಡುತ್ತ ಮಲಗಿದ್ದವನು ಇತ್ತ ತಿರುಗಿ ಕೇಳಿದ. "ಭಾವ, ಹಲಗೇಲಿ ನಡಿ ಅಂತ ಬರೆಸಿದ್ದು ನೀವಾ?"

ನಂಜುಂಡಯ್ಯ ಹಣ್ಣು ಸುಲಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. "ಮೊದಲು ಐದು ಸುತ್ತು ಕೇಳಿದ್ದು ನಾನು. ಆಮೇಲಿನದು ನಾನು ಹೇಳಲಿಲ್ಲಪ್ಪ. ನಿನ್ನಕ್ಕನ್ನೇ ಕೇಳು."

ಅದು ನಿಜವಾಗಿತ್ತು. ಅಷ್ಟರ ಮಟ್ಟಿಗೆ ಅವನು ಸುಳ್ಳು ಹೇಳಿರಲಿಲ್ಲ. ಆ ಒಂದು ಸಲ ಮಣಿಕಟ್ಟು ಹಿಡಿದದ್ದು ಬಿಟ್ಟರೆ ಆಮೇಲೆ ಅವನು ಹಲಗೆಯ ಹತ್ತಿರವೂ ಬಂದಿರಲಿಲ್ಲ.

"ನಾನೇ ಬರೆದೆ," ಎಂದಳು ಚೂಡಾಮಣಿ.

"ಗೊತ್ತು," ಎಂದ ಕಂಠಿ. "ನಿನ್ನಕ್ಷರ. ಭಾವ ಬರೆದಿದ್ರೆ ನಾನು ಕೇಳ್ತಿರಲಿಲ್ಲ, ಒಳಗೆ ತಿರುಗಿಸಿಬಿಡ್ತಿದ್ದೆ. ನಿನ್ನಕ್ಷರ ನೋಡಿ ಅಂದ್ಕೊಂಡೆ, ಅಕ್ಕ ಹೇಳ್ತಿದಾಳೆ ಅಂದ್ರೆ ಕಾಲಿಗೆ ಏನೂ ಆಗಿರಲಾರದು, ನನಗೇ ತಡ್ಕೊಳ್ಳೋ ಶಕ್ತಿ ಇಲ್ಲ ಅಂತ."

ಅಷ್ಟು ಹೇಳಿ ಗೋಡೆಯ ಕಡೆಗೆ ಹೊರಳಿದ. ನಂಜುಂಡಯ್ಯ ಸುಲಿದ ಹಣ್ಣಿನ ತೊಳೆಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟು ಎದ್ದುಹೋದ.

ಆಸ್ಪತ್ರೆಯಿಂದ ಬಿಡುವ ದಿನ ಚೂಡಾಮಣಿ ಜಟಕಾ ಕಟ್ಟಿಸಿಕೊಂಡು ಹೋದರೆ ಮಂಚ ಖಾಲಿಯಿತ್ತು. ಬೆಳಗ್ಗೆಯೇ ಮರಿಸ್ವಾಮಿ ಬಂದು ಕರೆದುಕೊಂಡು ಹೋಗಿದ್ದ. ಮರಿಸ್ವಾಮಿ ರೇಸಿನ ಮಾರನೇ ದಿನವೇ ಶೆಡ್ಡಿನ ಕೆಲಸ ಬಿಟ್ಟು, ಮಂಡಿಪೇಟೆಯಲ್ಲಿ ಲಾರಿ ರಿಪೇರಿಯ ಸಣ್ಣ ಅಂಗಡಿ ಹಾಕಿದ್ದನಂತೆ. "ಹೋಗ್ಲಿ ಬಿಡು. ಹಂಗು ಅನ್ನೋದು ಕೆಲವರಿಗೆ ತಿಳಿಯಲ್ಲ" ಎಂದ ನಂಜುಂಡಯ್ಯ.

ಅಲ್ಲಿಂದ ಮುಂದೆ ಮನೆಗೆ ಯಾರೇ ಬರಲಿ, ನಂಜುಂಡಯ್ಯ ಗಾಜಿನ ಬೀರುವಿನಲ್ಲಿದ್ದ ಕಪ್ಪನ್ನು ತೋರಿಸಿ, "ಇದು ನಮ್ಮ ಮನೆಯವಳ ಗೆಲುವು. ತಮ್ಮ ಕೈ ಎತ್ತಿದ್ರೂ ಇವಳು ಅಲ್ಲಾಡಲಿಲ್ಲ. ಅಂಥಾ ಗುಂಡಿಗೆ ಗಂಡಸರಿಗೂ ಇರಲ್ಲ ಕಣ್ರೀ" ಎಂದು ಹೊಗಳುತ್ತಿದ್ದ. ಬಂದವರು ಅವಳ ಕಡೆ ಮೆಚ್ಚುಗೆಯಿಂದ ನೋಡುತ್ತಿದ್ದರು. ಅವಳು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅವನು ಬೇಕೆಂದೇ ಹೇಳುತ್ತಾನೋ, ನಿಜವಾಗಿಯೇ ಹೆಮ್ಮೆಪಡುತ್ತಾನೋ ಅವಳಿಗೆ ತಿಳಿಯಲೇ ಇಲ್ಲ. ಎರಡೂ ಒಂದೇ ಎನಿಸಿ, ಆಮೇಲೆ ಯೋಚಿಸುವುದನ್ನೇ ಬಿಟ್ಟಳು.

ದೀಪಾವಳಿಯ ಮಾರನೇ ದಿನ ಮನಸ್ಸು ಗಟ್ಟಿಮಾಡಿಕೊಂಡು ಮಂಡಿಪೇಟೆಗೆ ಹೋದಳು. ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ಇತ್ತು. ಅಂಗಡಿಯ ಮುಂದೆ ಒಂದು ಲಾರಿ ನಿಂತಿತ್ತು. ಕಂಠಿ ಸ್ಟೂಲಿನ ಮೇಲೆ ಕೂತು ಯಾವುದೋ ಬಿಡಿಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಪಕ್ಕದಲ್ಲಿ ಊರುಗೋಲು ಇತ್ತು. ಮೈ ತುಂಬಿಕೊಂಡಿತ್ತು. ಅವಳನ್ನು ಕಂಡು ಕೈ ಒರೆಸಿಕೊಂಡು ಎದ್ದ.

"ಬನ್ನಿ," ಎಂದ. "ಕೂತ್ಕೊಳ್ಳಿ."

ಚೂಡಾಮಣಿ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಿಗೆ ಹೇಳುತ್ತಿದ್ದಾನೋ ಎಂದು. ಹಿಂದೆ ಯಾರೂ ಇರಲಿಲ್ಲ.

"ಕಂಠಿ, ನಾನು ಕಣೋ."

"ಚೆನ್ನಾಗಿದೀರಾ? ಮನೇಲಿ ಎಲ್ಲಾ ಕ್ಷೇಮವೇ? ಕಾಫಿ ತರಿಸ್ಲಾ?" ದನಿಯಲ್ಲಿ ಸಿಟ್ಟಿರಲಿಲ್ಲ. ಗಿರಾಕಿಗಳ ಹೆಂಡಂದಿರ ಹತ್ತಿರ ಮಾತಾಡುವ ಹಾಗೆ ಮರ್ಯಾದೆಯಿತ್ತು. ಅಕ್ಕ ಎಂಬ ಮಾತು ಇರಲಿಲ್ಲ. ಆ ನಗುವೂ ಇರಲಿಲ್ಲ.

ಅವಳು ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಡಬ್ಬಿಯನ್ನು ಪಕ್ಕಕ್ಕಿಟ್ಟು ಬೆಂಚಿನ ಮೇಲೆ ಕೂತಳು. ಅಷ್ಟರಲ್ಲಿ ಲಾರಿಯ ಮಾಲೀಕ ಒಳಗೆ ಬಂದು, "ಯಾರಪ್ಪ ಇವರು? ನಿಮ್ಮೋರಾ?" ಎಂದು ಕೇಳಿದ.

"ಲಕ್ಷ್ಮೀಪುರದೋರು," ಎಂದ ಕಂಠಿ. "ಮೊದಲು ಅಲ್ಲಿ ಕೆಲಸಕ್ಕಿದ್ದೆ."

ಚೂಡಾಮಣಿ ಎದ್ದಳು. ಸೆರಗು ಸರಿಮಾಡಿಕೊಂಡು, "ಬರ್ತೀನಿ" ಎಂದಳು. ಅವನು ಕೈ ಮುಗಿದ. ಜಟಕಾ ಹತ್ತುವಾಗ ಮರಿಸ್ವಾಮಿ ಅಂಗಡಿಯೊಳಗಿಂದ ಓಡಿ ಬಂದು ಡಬ್ಬಿಯನ್ನು ಅವಳ ಮುಂದೆ ಹಿಡಿದ. ಅವನಿಗೆ ಅವಳ ಮುಖ ನೋಡಲು ಆಗಲಿಲ್ಲ.

"ಮರೆತು ಬುಟ್ಟೋಯ್ತಾ ಇದೀರಿ ಅಂತ ಕೊಟ್ಟು ಬರಾಕೆ ಕಂಠಿ ಯೋಳ್ದ ಅಮ್ಮಾವ್ರೆ."

ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಳು. ಜಟಕಾದವನು ಎಲ್ಲಿಗೆ ಎಂದು ಎರಡು ಸಲ ಕೇಳಬೇಕಾಯಿತು.